ಗೀರು ಬೀಳದ್ದೆಲ್ಲ ಗಟ್ಟಿಯಲ್ಲ



ಬೆಳಿಗ್ಗೆ ಮನೆ ಬಿಟ್ಟು ಸಂಜೆ ಮರಳುವವರೆಗೆ ನೀವು ಎಷ್ಟು ಪಾರದರ್ಶಕ ವಸ್ತುಗಳ ಮೂಲಕ ಈ ಮುಂಬಯಿಯನ್ನು ನೋಡುತ್ತೀರಿ ಎಂದು ಎಂದಾದರೂ ಲೆಕ್ಕ ಹಾಕಿದ್ದೀರಾ? ಮೂಗಿನ ಮೇಲೆ ಕನ್ನಡಕ, ಕೈಯಲ್ಲಿ ಗಡಿಯಾರ, ಕಿಸೆಯಲ್ಲಿ ಮೊಬೈಲು, ಸ್ಕೂಟರ್ ಹತ್ತಿದರೆ ಹೆಲ್ಮೆಟ್ಟಿನ ವೈಸರ್, ರಿಕ್ಷಾ ಹತ್ತಿದರೆ ಅದರ ಮುಂಗಾಜು, ಎ.ಸಿ. ಲೋಕಲ್ ಹತ್ತಿದರೆ ಅಗಲವಾದ ಕಿಟಕಿ. ಇವೆಲ್ಲಕ್ಕೂ ನಾವು ‘ಗಾಜು’ ಎಂಬ ಒಂದೇ ಹೆಸರಿಟ್ಟುಬಿಟ್ಟಿದ್ದೇವೆ. ನಿಜವಾಗಿ ಇವುಗಳಲ್ಲಿ ಕೆಲವು ಗಾಜೇ ಅಲ್ಲ. ಗಾಜಾಗಿರುವವೂ ಒಂದೇ ಜಾತಿಯವಲ್ಲ.

ಅಂಗಡಿಯಲ್ಲಿ ನಾವು ಕೇಳುವ ಪ್ರಶ್ನೆಯೂ ಒಂದೇ: “ಗಟ್ಟಿ ಇದೆಯಾ?” ಅಂಗಡಿಯವನ ಉತ್ತರವೂ ಒಂದೇ: “ಏಕದಂ ಮಜಬೂತ್!” ಆದರೆ ಈ ‘ಗಟ್ಟಿ’ ಎಂಬ ಮಾತಿನೊಳಗೆ ಎರಡು ಬೇರೆ ಬೇರೆ ಗುಣಗಳಿವೆ. ಅವೆರಡನ್ನು ಬೇರ್ಪಡಿಸಿ ನೋಡಲು ಕಲಿತರೆ ಹಣ ಉಳಿಯುತ್ತದೆ. ಕೆಲವೊಮ್ಮೆ ಕಣ್ಣು ಉಳಿಯುತ್ತದೆ, ಪ್ರಾಣವೂ ಉಳಿದೀತು.

ಕಲ್ಲುಸಕ್ಕರೆ ಮತ್ತು ಮಾಂಬಳ

ರಜೆ ಮುಗಿಸಿ ಊರಿನಿಂದ ಹೊರಟಾಗ ಅಜ್ಜಿ ಕಟ್ಟಿಕೊಟ್ಟ ಗಂಟಿನಲ್ಲಿ ಕಲ್ಲುಸಕ್ಕರೆಯೂ ಮಾಂಬಳವೂ ಇವೆ ಎಂದುಕೊಳ್ಳಿ. (ಮಾಂಬಳವೆಂದರೆ ಇಲ್ಲಿಯವರ ಆಂಬಾಪೋಳಿ.) ಕಲ್ಲುಸಕ್ಕರೆಯ ಮೇಲೆ ಬೆರಳೂರಿ ಒತ್ತಿ ನೋಡಿ, ಅದು ಕಿಂಚಿತ್ತೂ ತಗ್ಗದು. ಆದರೆ ಕುಟ್ಟಾಣಿಯಲ್ಲಿ ಒಂದೇ ಪೆಟ್ಟು ಕೊಟ್ಟರೆ ಪುಡಿಪುಡಿ. ಮಾಂಬಳದ ಮೇಲೆ ಉಗುರೂರಿದರೆ ಸಾಕು, ಗುರುತು ಬೀಳುತ್ತದೆ. ಅದನ್ನು ಎಷ್ಟು ಕುಟ್ಟಿದರೂ ಒಡೆಯುವುದಿಲ್ಲ, ಬಾಗುತ್ತದೆ, ಚಪ್ಪಟೆಯಾಗುತ್ತದೆ, ಅಷ್ಟೆ.

ಮೊದಲನೆಯ ಗುಣಕ್ಕೆ ಗಡಸುತನ ಎನ್ನೋಣ. ಗೀರನ್ನೂ ತಗ್ಗನ್ನೂ ತಡೆಯುವ ಗುಣ ಇದು. ಎರಡನೆಯದು ತಾಳಿಕೆ, ಪೆಟ್ಟು ಬಿದ್ದಾಗ ಬಿರುಕು ಹರಡದಂತೆ ತಡೆದುಕೊಳ್ಳುವ ಗುಣ. ಒಂದಿದ್ದಲ್ಲಿ ಇನ್ನೊಂದು ಇರಬೇಕೆಂಬ ನಿಯಮವಿಲ್ಲ. ಎಷ್ಟೋ ಸಲ ಒಂದನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಡಬೇಕಾಗುತ್ತದೆ.

ಗೀರಿನ ಲೆಕ್ಕ

ಗಡಸುತನ ಅಳೆಯಲು 1812ರಲ್ಲಿ ಫ್ರೆಡ್ರಿಕ್ ಮೋಸ್ ಎಂಬ ಖನಿಜಶಾಸ್ತ್ರಜ್ಞ ಒಂದು ಸರಳ ಏಣಿಯನ್ನು ಹಾಕಿಕೊಟ್ಟರು. ಯಾವುದು ಯಾವುದನ್ನು ಗೀರಬಲ್ಲುದು ಎಂಬುದೇ ಅದರ ಆಧಾರ. ತೀರ ಮೆತ್ತಗಿನ ಬಳಪದ ಕಲ್ಲಿಗೆ 1, ವಜ್ರಕ್ಕೆ 10. ನಮ್ಮ ಉಗುರು ಸುಮಾರು ಎರಡೂವರೆ, ಪಾರದರ್ಶಕ ಪ್ಲಾಸ್ಟಿಕ್ಕುಗಳಾದ ಅಕ್ರಿಲಿಕ್ ಮತ್ತು ಪಾಲಿಕಾರ್ಬೊನೇಟ್ ಮೂರರ ಆಸುಪಾಸು, ಕಿಟಕಿಯ ಗಾಜು ಐದೂವರೆ, ನೀಲಮಣಿ 9.

ಈ ಏಣಿಯಲ್ಲಿ ನೀವು ಮರೆಯದೆ ನೆನಪಿಡಬೇಕಾದ ಮೆಟ್ಟಿಲು 7. ಅದು ಬೆಣಚುಕಲ್ಲಿನದು, ಅಂದರೆ ಸಾಮಾನ್ಯ ಮರಳಿನದು. ಮೆಟ್ರೋ, ಮೇಲುಸೇತುವೆ, ಹೊಸ ಗೋಪುರಗಳೆಂದು ನಿತ್ಯ ಅಗೆಯುವ ಈ ನಗರದ ಧೂಳಿನಲ್ಲಿ ಮರಳಿನ ಕಣಗಳಿಗೆ ಬರವಿಲ್ಲ. ಅವು ಗಾಜಿಗಿಂತಲೂ ಗಡಸು, ಪ್ಲಾಸ್ಟಿಕ್ಕಿಗಿಂತ ಬಹಳ ಗಡಸು. ಕನ್ನಡಕವನ್ನು ಅಂಗಿಯ ಚುಂಗಿನಿಂದ ಒಣಗೊಣಗಾಗಿ ಒರಸುವಾಗ ನೀವು ಮಾಡುತ್ತಿರುವುದು ಮರಳಿನ ಕಾಗದದಿಂದ ಉಜ್ಜುವ ಕೆಲಸವೇ. ಮೊದಲು ನೀರು ಹರಿಸಿ ಕಣಗಳನ್ನು ತೊಳೆದು ಆಮೇಲೆ ಒರಸಬೇಕು.

ನಿಮ್ಮ ತಂದೆಯವರ ಪೆಟ್ಟಿಗೆಯಲ್ಲಿ ಹಳೆಯ ಎಚ್.ಎಂ.ಟಿ. ಕೈಗಡಿಯಾರ ಇದ್ದರೆ ಹೊರತೆಗೆದು ನೋಡಿ. ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಕಾರ್ಖಾನೆಯ ‘ಜನತಾ’ದಂಥ ಕೀಲಿ ಕೊಡುವ ಗಡಿಯಾರಗಳ ಮೇಲಿದ್ದುದು ಗಾಜಲ್ಲ, ಅಕ್ರಿಲಿಕ್. ಅದಕ್ಕೇ ಆ ಮುಖದ ತುಂಬ ಗೀರುಗಳು. ಆದರೆ ಗಮನಿಸಿ, ಗಾಡಿಯ ಕಂಬಕ್ಕೆ ಎಷ್ಟು ಸಲ ತಗಲಿದರೂ ಅದು ಚೂರಾಗಿರಲಿಕ್ಕಿಲ್ಲ. ಮೇಲಾಗಿ ಅಕ್ರಿಲಿಕ್ಕಿನ ಸಣ್ಣ ಗೀರುಗಳನ್ನು ಪಾಲಿಶ್ ಹಾಕಿ ಉಜ್ಜಿ ತೆಗೆಯಬಹುದು. ಇಂದಿನ ದುಬಾರಿ ಗಡಿಯಾರಗಳ ಮೇಲೆ ಕೂರಿಸುವುದು ಕೃತಕವಾಗಿ ಬೆಳೆಸಿದ ನೀಲಮಣಿಯ ಹರಳು. ಮರಳಿಗೂ ಅದು ಜಗ್ಗದು. ಹತ್ತು ವರ್ಷದ ನಂತರವೂ ಹೊಸದರಂತೆ ಇರುತ್ತದೆ. ಆದರೆ ಕಲ್ಲು ಹಾಸಿನ ಮೇಲೆ ಅಂಚು ತಾಗುವಂತೆ ಬಿದ್ದರೆ ಒಡೆಯಬಹುದು. ಅದಕ್ಕೆ ಇನ್ನೊಂದು ಕೊರತೆಯೂ ಇದೆ: ಸಾಮಾನ್ಯ ಗಾಜಿನ ಎರಡು ಮೈಗಳು ಸೇರಿ ಸುಮಾರು ಶೇ. 8ರಷ್ಟು ಬೆಳಕನ್ನು ಹಿಂದಕ್ಕೆ ಹೊಡೆದರೆ, ನೀಲಮಣಿ ಸುಮಾರು ಶೇ. 15ರಷ್ಟನ್ನು ಹೊಡೆಯುತ್ತದೆ. ಬಿಸಿಲಿನಲ್ಲಿ ಮುಳ್ಳು ಕಾಣಬೇಕಾದರೆ ಪ್ರತಿಫಲನ ತಗ್ಗಿಸುವ ಲೇಪ ಬೇಕಾಗುತ್ತದೆ.

ಇನ್ನು ಮೊಬೈಲು. ನಿಲ್ದಾಣದ ಹೊರಗಿನ ಮಳಿಗೆಗಳಲ್ಲಿ ಸಿಗುವ ಸ್ಕ್ರೀನ್ ಗಾರ್ಡಿನ ಮೇಲೆ ‘9ಎಚ್’ ಎಂದು ಅಚ್ಚು ಹಾಕಿರುತ್ತಾರೆ. ಅದನ್ನು ಕಂಡು ಮೋಸ್ ಏಣಿಯ ಒಂಬತ್ತನೆಯ ಮೆಟ್ಟಿಲು, ನೀಲಮಣಿಗೆ ಸಮಾನ ಎಂದುಕೊಳ್ಳಬೇಡಿ. ಆ ‘ಎಚ್’ ಪೆನ್ಸಿಲಿನದು! ಚಿತ್ರ ಬಿಡಿಸುವಾಗ 2ಬಿ, 2ಎಚ್ ಎನ್ನುತ್ತೇವಲ್ಲ, ಅದೇ ಲೆಕ್ಕ. ಬಣ್ಣದ ಲೇಪಗಳ ಗಡಸುತನ ನೋಡಲು ಮಾಡಿದ ಪರೀಕ್ಷೆ ಅದು. 9ಎಚ್ ಎಂದರೆ ಗಡಸಾದ 9ಎಚ್ ಪೆನ್ಸಿಲಿಗೂ ಗೀರು ಬೀಳಲಿಲ್ಲ ಎಂದಷ್ಟೇ ಅರ್ಥ. ಮನೆಯ ಕಿಟಕಿಯ ಗಾಜೂ ಈ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತದೆ. ಹಾಗೆಂದು ಸ್ಕ್ರೀನ್ ಗಾರ್ಡ್ ದಂಡ ಎನ್ನಲಾಗದು. ಒರಟು ನೆಲದ ಗೀರನ್ನು ತಾನು ಹೊತ್ತುಕೊಂಡು, ತಾನೊಡೆದು, ಒಳಗಿನ ದುಬಾರಿ ಗಾಜನ್ನು ಉಳಿಸುವುದೇ ಅದರ ಕೆಲಸ. ಬಿರುಕು ಬಿಟ್ಟಿತೆಂದು ಬೈಯುವ ಮೊದಲು ಅದು ತನ್ನ ಸರದಿ ಮುಗಿಸಿದೆ ಎಂದು ತಿಳಿದು ಬದಲಾಯಿಸಿ.

ಗಾಜು ಒಡೆಯುವುದೇಕೆ?

ಬಟ್ಟೆ ಅಂಗಡಿಯವನು ಥಾನಿನಿಂದ ಬಟ್ಟೆ ಹರಿಯುವುದನ್ನು ನೋಡಿದ್ದೀರಲ್ಲ? ಅಂಚಿನಲ್ಲಿ ಕತ್ತರಿಯಿಂದ ಒಂದು ಚಿಕ್ಕ ಕಚ್ಚು ಹಾಕಿ ಎರಡೂ ಕೈಯಲ್ಲಿ ಎಳೆದರೆ ಪರ್ರನೆ ಹರಿದುಬಿಡುತ್ತದೆ. ಕಚ್ಚಿಲ್ಲದೆ ಎಳೆದರೆ ಜಟ್ಟಿಯ ಕೈಗೂ ಜಗ್ಗದು. 1921ರಲ್ಲಿ ಇಂಗ್ಲೆಂಡಿನ ಎ. ಎ. ಗ್ರಿಫಿತ್ ಎಂಬ ಎಂಜಿನಿಯರ್ ಗಾಜಿನ ವಿಷಯದಲ್ಲಿ ಇದನ್ನೇ ತೋರಿಸಿಕೊಟ್ಟರು. ಅಣುಗಳ ಬಂಧದ ಲೆಕ್ಕ ಹಿಡಿದರೆ ಗಾಜಿಗೆ ಇರಬೇಕಾದ ಬಲಕ್ಕೂ ಅದು ನಿಜವಾಗಿ ಒಡೆಯುವ ಬಲಕ್ಕೂ ಅಜಗಜಾಂತರ. ಕಣ್ಣಿಗೆ ಕಾಣದ ಸಣ್ಣ ಸಣ್ಣ ಬಿರುಕುಗಳೇ ಇದಕ್ಕೆ ಕಾರಣ. ಬಲವೆಲ್ಲ ಬಿರುಕಿನ ತುದಿಯಲ್ಲಿ ಕೂಡಿಕೊಂಡು ಅದನ್ನು ಮುಂದಕ್ಕೆ ಓಡಿಸುತ್ತದೆ. ಹೊಸ ಮೊಬೈಲು ಮೂರು ಸಲ ಬಿದ್ದರೂ ಏನೂ ಆಗದೆ ನಾಲ್ಕನೆಯ ಸಲ ಒಡೆಯುವುದುಂಟಲ್ಲ, ಮೊದಲ ಮೂರು ಪೆಟ್ಟುಗಳು ಕತ್ತರಿಯ ಕಚ್ಚು ಹಾಕಿಟ್ಟಿರುತ್ತವೆ.

ಬಿರುಕು ಬಾಯಿ ತೆರೆಯದಂತೆ ಮಾಡುವುದು ಹೇಗೆ? ಗಾಜಿನ ಹೊರಮೈಯನ್ನು ಸದಾ ಒತ್ತಡದಲ್ಲಿಡುವುದು ಒಂದು ಉಪಾಯ. ಬೆಳಗಿನ ವಿರಾರ್ ಲೋಕಲಿನ ಬಾಗಿಲಲ್ಲಿ ಒತ್ತಿಕೊಂಡು ನಿಂತವರ ನಡುವೆ ಬೆರಳು ತೂರಿಸಲೂ ಜಾಗವಿರುವುದಿಲ್ಲವಷ್ಟೆ? ಹಾಗೆಯೇ ಇದು. ಗಾಜನ್ನು 600 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ ಕಾಯಿಸಿ, ತಣ್ಣನೆಯ ಗಾಳಿ ಊದಿ ಹೊರಮೈಯನ್ನು ಬೇಗ ಗಟ್ಟಿ ಮಾಡುತ್ತಾರೆ. ಆಮೇಲೆ ನಿಧಾನವಾಗಿ ಆರುವ ಒಳಭಾಗ ಹೊರಮೈಯನ್ನು ಬಿಗಿದೆಳೆದು ಒತ್ತಿ ಹಿಡಿಯುತ್ತದೆ. ಇದು ಟೆಂಪರ್ಡ್ ಗಾಜು. ಸಾಮಾನ್ಯ ಗಾಜಿಗಿಂತ ನಾಲ್ಕೈದು ಪಟ್ಟು ಬಲ. ಒಡೆದರೂ ಕತ್ತಿಯಂಥ ಚೂರುಗಳಾಗದೆ ಮೊಂಡು ಹರಳುಗಳಾಗಿ ಉದುರುತ್ತದೆ.

ಮೊಬೈಲಿನ ತೆಳು ಗಾಜಿಗೆ ಬೇರೆ ಉಪಾಯ. ಕರಗಿದ ಪೊಟ್ಯಾಸಿಯಂ ನೈಟ್ರೇಟಿನಲ್ಲಿ ಅದನ್ನು ಅದ್ದಿಡುತ್ತಾರೆ. ಗಾಜಿನ ಮೈಯಿಂದ ಸಣ್ಣ ಸೋಡಿಯಂ ಅಯಾನುಗಳು ಹೊರಗೆ ಬಂದು ಆ ಜಾಗದಲ್ಲಿ ದೊಡ್ಡ ಪೊಟ್ಯಾಸಿಯಂ ಅಯಾನುಗಳು ಕೂರುತ್ತವೆ. ಲೋಕಲಿನ ಬೆಂಚಿನಿಂದ ಸಪೂರ ಆಸಾಮಿ ಎದ್ದು ಅಲ್ಲಿ ದಪ್ಪ ಆಸಾಮಿ ಕುಳಿತರೆ ಉಳಿದ ಮೂವರ ಗತಿ ಏನಾಗುತ್ತದೆ ಎಂದು ನಿಮಗೆ ನಾನು ವಿವರಿಸಬೇಕಾಗಿಲ್ಲ!

ಮೂರನೆಯ ಉಪಾಯ ಪದರಗಾಜು, ಅಂದರೆ ಲ್ಯಾಮಿನೇಟೆಡ್. ಎರಡು ಗಾಜುಗಳ ನಡುವೆ ಜಿಗುಟಾದ ಪ್ಲಾಸ್ಟಿಕ್ ಹಾಳೆ ಅಂಟಿಸಿದ ಸ್ಯಾಂಡ್‌ವಿಚ್ ಇದು. ಫ್ರಾನ್ಸಿನ ಎದುವಾರ್ ಬೆನೆದಿಕ್ತಸ್ 1909ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಇದು ಒಡೆಯುತ್ತದೆ, ಆದರೆ ಉದುರುವುದಿಲ್ಲ. ನಮ್ಮ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಾಹನಗಳಿಗೆ ಸುರಕ್ಷಾ ಗಾಜನ್ನು ಕಡ್ಡಾಯ ಮಾಡಿದವು. ಇಂದಿನ ಕಾರುಗಳ ಮುಂಗಾಜು ಪದರಗಾಜು. ಪಕ್ಕದ ಕಿಟಕಿಗಳು ಸಾಮಾನ್ಯವಾಗಿ ಟೆಂಪರ್ಡ್.

ಆ ಜುಲೈ 26

ಈ ವ್ಯತ್ಯಾಸ ಬರಿಯ ಪುಸ್ತಕದ ಮಾತಲ್ಲ. 2005ರ ಜುಲೈ 26ರಂದು ಆರಂಭವಾದ ಮಳೆ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಸುರಿಯಿತು. ನಿಮ್ಮಲ್ಲಿ ಹಲವರು ಆಗ ಶಿಶುಗಳು, ಕೆಲವರು ಹುಟ್ಟಿರಲೇ ಇಲ್ಲ. ಮನೆಯ ಹಿರಿಯರನ್ನು ಕೇಳಿ ನೋಡಿ. ಆ ದಿನ ನೀರಿನಲ್ಲಿ ಸಿಕ್ಕಿಬಿದ್ದ ಕಾರುಗಳೊಳಗೆ, ಬಾಗಿಲೂ ತೆರೆಯಲಾಗದೆ ಗಾಜೂ ಇಳಿಸಲಾಗದೆ ಜನ ಉಸಿರುಗಟ್ಟಿ ತೀರಿಕೊಂಡರು. ನಿತ್ಯ ಕಾಪಾಡುತ್ತಿದ್ದ ಗಾಜೇ ಅಂದು ಸೆರೆಮನೆಯ ಗೋಡೆಯಾಯಿತು.

ಆದ್ದರಿಂದ ಇದನ್ನು ಬರೆದಿಟ್ಟುಕೊಳ್ಳಿ. ನೀರು ಏರುತ್ತಿದ್ದರೆ ಕಾಯುತ್ತ ಕೂರದೆ ಕಿಟಕಿ ಇಳಿಯುವಾಗಲೇ ಇಳಿಸಿ ಹೊರಬನ್ನಿ. ಅದಾಗದಿದ್ದರೆ ಮುಂಗಾಜನ್ನು ಗುದ್ದುತ್ತ ಶಕ್ತಿ ಕಳೆಯಬೇಡಿ. ಪದರಗಾಜು ಬಿರುಕು ಬಿಟ್ಟೀತೇ ಹೊರತು ದಾರಿ ಬಿಡದು. ಪಕ್ಕದ ಟೆಂಪರ್ಡ್ ಕಿಟಕಿಯ ಮೂಲೆಗೆ, ಅಂಚಿನ ಹತ್ತಿರ ಚೂಪಾದ ಗಡಸು ತುದಿಯಿಂದ ಹೊಡೆಯಬೇಕು. ಮುಷ್ಟಿಯಿಂದಲೂ ಬೂಟಿನಿಂದಲೂ ಸುಲಭಕ್ಕೆ ಜಗ್ಗದ ಆ ಗಾಜು, ಒತ್ತಡದ ಹೊರಪದರವನ್ನು ಒಂದು ಸೂಜಿಮೊನೆ ದಾಟಿತೆಂದರೆ ಒಮ್ಮೆಲೇ ಪೂರ್ತಿ ಉದುರಿಬಿಡುತ್ತದೆ. ಇದಕ್ಕೆಂದೇ ಮಾಡಿದ ಪುಟ್ಟ ಸುತ್ತಿಗೆಗಳು ಸಿಗುತ್ತವೆ. ಅದನ್ನು ಡಿಕ್ಕಿಯಲ್ಲಿಡದೆ ಕುಳಿತಲ್ಲಿಂದ ಕೈಗೆಟಕುವಲ್ಲಿ ಇಡಿ. ಇನ್ನೊಂದು ಮಾತು: ಕೆಲವು ಹೊಸ ಕಾರುಗಳಲ್ಲಿ ಪಕ್ಕದ ಕಿಟಕಿಗಳೂ ಪದರಗಾಜಿನವು, ಅಲ್ಲಿ ಈ ಸುತ್ತಿಗೆ ನಡೆಯದು. ಗಾಜಿನ ಮೂಲೆಯಲ್ಲಿ ಸಣ್ಣಕ್ಷರಗಳಲ್ಲಿ ಯಾವ ಬಗೆಯದೆಂದು ಮುದ್ರೆ ಇರುತ್ತದೆ. ಈ ಭಾನುವಾರವೇ ನಿಮ್ಮ ಮನೆಯ ಕಾರಿನ ನಾಲ್ಕೂ ಗಾಜುಗಳನ್ನು ಓದಿ ನೋಡಿ.

ಹಳಿಯ ಪಕ್ಕದ ಕಲ್ಲು

ಮುಂಬಯಿಯ ಲೋಕಲಿನ ಕಿಟಕಿ ಬಹುಕಾಲ ಗಾಳಿಯ ಕಿಟಕಿಯೇ ಆಗಿತ್ತು. 2017ರ ಡಿಸೆಂಬರ್ 25ರಂದು ಬೊರಿವಲಿ–ಚರ್ಚ್‌ಗೇಟ್ ನಡುವೆ ಮೊದಲ ಎ.ಸಿ. ಲೋಕಲ್ ಓಡಿದಾಗ ಮುಚ್ಚಿದ ಅಗಲ ಗಾಜುಗಳ ಕಾಲ ಬಂತು. ಹಳಿಯ ಪಕ್ಕದಿಂದ ಕಲ್ಲು ತೂರುವ ಕೆಟ್ಟ ಚಾಳಿ ಮಾತ್ರ ಹಳೆಯದೇ.

ಸ್ವಲ್ಪ ಲೆಕ್ಕ ಮಾಡೋಣ. ಗಾಡಿ ಗಂಟೆಗೆ 72 ಕಿ.ಮೀ. ವೇಗದಲ್ಲಿದ್ದರೆ ಸೆಕೆಂಡಿಗೆ 20 ಮೀಟರ್ ಓಡುತ್ತದೆ. ಎದುರಿನಿಂದ ಯಾರೋ ಸುಮ್ಮನೆ ಮೇಲಕ್ಕೆಸೆದ ಕಲ್ಲೂ ಮೋಟರ್‌ಮನ್ನರ ಮುಂಗಾಜಿಗೆ ಅಷ್ಟೇ ವೇಗದಲ್ಲಿ ಬಡಿಯುತ್ತದೆ. ಆರೇಳು ಮಹಡಿಯ ಕಟ್ಟಡದ ತಾರಸಿಯಿಂದ ಬಿದ್ದ ಕಲ್ಲಿಗೆ ಇರುವಷ್ಟೇ ಪೆಟ್ಟು ಅದಕ್ಕಿರುತ್ತದೆ. ವೇಗ ಇಮ್ಮಡಿಯಾದರೆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟು. ಆದ್ದರಿಂದಲೇ ರೈಲು ಎಂಜಿನುಗಳ ಮುಂಗಾಜಿನ ಮುಂದೆ ಕಬ್ಬಿಣದ ಜಾಲರಿಯನ್ನೂ ಹಾಕುತ್ತಾರೆ. ಕಾನೂನೂ ಇದನ್ನು ಹುಡುಗಾಟವೆಂದು ಬಿಟ್ಟಿಲ್ಲ. 1989ರ ರೈಲ್ವೆ ಕಾಯಿದೆಯ 152ನೆಯ ಕಲಮಿನಂತೆ, ಪ್ರಯಾಣಿಕರಿಗೆ ಅಪಾಯವಾಗಲೆಂದು ಗಾಡಿಗೆ ಕಲ್ಲೆಸೆದವರಿಗೆ ಜೀವಾವಧಿ ಶಿಕ್ಷೆಯವರೆಗೂ ಆಗಬಹುದು. ಬಾಗಿಲಲ್ಲಿ ನಿಂತು ಗಾಳಿ ಕುಡಿಯುವ ಮಿತ್ರರು ಒಂದು ಮಾತು ನೆನಪಿಡಲಿ: ನಿಮ್ಮ ಮುಖದ ಮುಂದೆ ಯಾವ ಜಾಲರಿಯೂ ಇಲ್ಲ.

ತ್ರಾಂಬೆಯ ದಪ್ಪ ಕಿಟಕಿ

ಶತ್ರು ಬದಲಾದರೆ ಕಿಟಕಿಯೂ ಬದಲಾಗಬೇಕು. ಚೆಂಬೂರಿನಾಚೆ ತ್ರಾಂಬೆಯ ಭಾಭಾ ಪರಮಾಣು ಸಂಶೋಧನ ಕೇಂದ್ರದಲ್ಲಿ ವಿಕಿರಣ ಸೂಸುವ ವಸ್ತುಗಳನ್ನು ದಪ್ಪ ಗೋಡೆಯ ಕೋಣೆಗಳಲ್ಲಿಟ್ಟು, ಹೊರಗಿನಿಂದ ಯಂತ್ರದ ಕೈಗಳಿಂದ ಕೆಲಸ ಮಾಡುತ್ತಾರೆ. ಒಳಗೆ ನೋಡಲು ಕಿಟಕಿ ಬೇಕು, ವಿಕಿರಣ ಮಾತ್ರ ದಾಟಬಾರದು. ಇಲ್ಲಿ ನೀಲಮಣಿಯ ಗಡಸುತನವೂ ಬೇಡ, ಪಾಲಿಕಾರ್ಬೊನೇಟಿನ ತಾಳಿಕೆಯೂ ಬೇಡ. ಇಂಥ ಕೋಣೆಗಳಿಗೆ ಬಳಸುವುದು ಸೀಸ ಬೆರೆಸಿದ ಗಾಜು. ಅದರಲ್ಲಿ ತೂಕದ ಬಗೆಯದು ಸಾಮಾನ್ಯ ಗಾಜಿನ ಎರಡರಷ್ಟು ಭಾರ. ಮೇಲಾಗಿ ಸಾಮಾನ್ಯ ಗಾಜು ವಿಕಿರಣಕ್ಕೆ ಸಿಕ್ಕಿ ಕ್ರಮೇಣ ಕಂದಾಗಿ ಕುರುಡಾಗುತ್ತದೆ. ಅದನ್ನು ತಡೆಯಲು ಸೀರಿಯಂ ಎಂಬ ಧಾತುವನ್ನು ಬೆರೆಸುತ್ತಾರೆ.

ಅದೇ ತ್ರಾಂಬೆಯಲ್ಲಿ 1956ರ ಆಗಸ್ಟ್ 4ರಂದು ಚಾಲನೆಗೊಂಡ ‘ಅಪ್ಸರಾ’ ರಿಯಾಕ್ಟರಿಗೆ ಮೇಲಿನಿಂದ ನೋಡುವ ಕಿಟಕಿ ಯಾವುದಾಗಿತ್ತು ಗೊತ್ತೇ? ಕೊಳದ ನೀರು! ವಿಕಿರಣವನ್ನು ತಡೆಯುತ್ತಿದ್ದುದೂ ಅದೇ, ಒಳಗಿನ ನೀಲಿ ಹೊಳಪನ್ನು ತೋರಿಸುತ್ತಿದ್ದುದೂ ಅದೇ. ಆ ದಿನ ಅಲ್ಲಿದ್ದ ತರುಣ ವಿಜ್ಞಾನಿಗಳ ತಂಡದಲ್ಲಿ ನಮ್ಮ ತುಮಕೂರು ಸೀಮೆಯಲ್ಲಿ ಹುಟ್ಟಿದ ರಾಜಾ ರಾಮಣ್ಣನವರೂ ಇದ್ದರು. ಮುಂದೆ ಅವರೇ ಆ ಕೇಂದ್ರದ ನಿರ್ದೇಶಕರಾದರು.

ಅರ್ಧ ಮಿಲಿಮೀಟರಿನ ಕಿಟಕಿ

ಈಗ ಎಲ್ಲಕ್ಕಿಂತ ಬೆಲೆಬಾಳುವ ಕಿಟಕಿಗೆ ಬರೋಣ. ನಿಮ್ಮ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲದ ದಪ್ಪ ನಡುವಿನಲ್ಲಿ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಅದಕ್ಕೆ ಗಡಸುತನವೂ ಇಲ್ಲ, ಅಂಗಡಿಯಲ್ಲಿ ಬದಲಿಯೂ ಸಿಗದು. ಅದರ ಮುಂದೆ ಏನನ್ನು ಇಡಬೇಕು?

ಕನ್ನಡಕದ ಮಟ್ಟಿಗೆ ಮೂರು ಆಯ್ಕೆಗಳಿವೆ. ಗಾಜು: ಗೀರು ಬೀಳುವುದು ಕಡಿಮೆ, ಆದರೆ ಭಾರ, ಒಡೆದರೆ ಚೂರು ಕಣ್ಣಿನತ್ತಲೇ. ಸಾಮಾನ್ಯ ಪ್ಲಾಸ್ಟಿಕ್: ಗಾಜಿನ ಅರ್ಧದಷ್ಟೇ ಭಾರ, ನೋಟ ಸ್ವಚ್ಛ, ಪೆಟ್ಟಿಗೆ ಗಾಜಿಗಿಂತ ವಾಸಿ. ಪಾಲಿಕಾರ್ಬೊನೇಟ್: ಇನ್ನೂ ಹಗುರ, ಮೂರರಲ್ಲಿ ಪೆಟ್ಟು ತಾಳುವುದರಲ್ಲಿ ಇದೇ ಮೇಲು. ಆದರೆ ತೀರ ಮೆತ್ತಗಿರುವುದರಿಂದ ಗಡಸು ಲೇಪ ಬೇಕೇ ಬೇಕು; ದಪ್ಪ ನಂಬರಿನ ಲೆನ್ಸಿನ ಅಂಚಿನಲ್ಲಿ ಬಣ್ಣದ ಎಳೆ ಕಾಣುವುದೂ ಉಂಟು. ಮಕ್ಕಳಿಗೆ, ಒಂದೇ ಕಣ್ಣಿನಲ್ಲಿ ದೃಷ್ಟಿ ಇರುವವರಿಗೆ, ಮೈದಾನದಲ್ಲಿ ಕ್ರಿಕೆಟ್ ಆಡುವವರಿಗೆ ಪಾಲಿಕಾರ್ಬೊನೇಟ್ ಕೇಳಿ ಪಡೆಯುವುದು ಲೇಸು. ಅಂಧೇರಿಯ ಎಂ.ಐ.ಡಿ.ಸಿ.ಯಲ್ಲೋ ಥಾಣೆ–ಬೇಲಾಪುರ ರಸ್ತೆಯ ಕಾರ್ಖಾನೆಯಲ್ಲೋ ತರಬೇತಿಗೆ ಸೇರಿದವರು ಗ್ರೈಂಡಿಂಗ್ ಯಂತ್ರದ ಮುಂದೆ ಸುರಕ್ಷಾ ಕನ್ನಡಕವಿಲ್ಲದೆ ನಿಲ್ಲಬೇಡಿ. ಅಲ್ಲಿ ನಿಮ್ಮ ನಿತ್ಯದ ಕನ್ನಡಕ ಸಾಲದು, ಪಕ್ಕದಿಂದ ಬರುವ ಕಿಡಿಗೆ ಅದರಲ್ಲಿ ತಡೆಯಿಲ್ಲ.

ಹೆಲ್ಮೆಟ್ಟಿನ ವೈಸರ್ ಕೂಡ ಸಾಮಾನ್ಯವಾಗಿ ಪಾಲಿಕಾರ್ಬೊನೇಟೇ. ಪೆಟ್ಟು ತಾಳುತ್ತದೆ, ಗೀರು ತಾಳದು. ಗೀರು ತುಂಬಿದ ವೈಸರಿನ ಮೇಲೆ ರಾತ್ರಿ ಎದುರು ವಾಹನದ ಬೆಳಕು ಬಿದ್ದರೆ ಇಡೀ ಮುಖಕ್ಕೆ ಮಂಜು ಕವಿದಂತಾಗುತ್ತದೆ. ರಸ್ತೆಯ ಗುಂಡಿ ಕಾಣುವುದೇ ಇಲ್ಲ. ಅದನ್ನು ಬದಲಾಯಿಸಲು ಚೌಕಾಶಿ ಬೇಡ. ಪೆಟ್ರೋಲ್, ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವದಿಂದ ಅದನ್ನು ಒರಸಲೂ ಬೇಡಿ. ಅವು ತಗಲಿದರೆ ಪಾಲಿಕಾರ್ಬೊನೇಟಿನಲ್ಲಿ ಬಿರುಕು ಹುಟ್ಟಿ ತಾಳಿಕೆಯೇ ಹೋಗುತ್ತದೆ. ಸಾಬೂನು ನೀರು, ಮೆತ್ತನೆಯ ಬಟ್ಟೆ ಸಾಕು.

ಇಲ್ಲೊಂದು ಸ್ವಾರಸ್ಯದ ಸಂಗತಿ. ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳ ಅಕ್ರಿಲಿಕ್ ಮುಚ್ಚಿಗೆ ಒಡೆದು ಅದರ ಚೂರುಗಳು ಬ್ರಿಟಿಷ್ ಪೈಲಟ್ಟರ ಕಣ್ಣುಗಳಲ್ಲಿ ಸೇರಿಕೊಂಡವು. ಆ ಚೂರುಗಳು ಕಣ್ಣಿನೊಳಗೆ ಸುಮ್ಮನಿದ್ದುದನ್ನು ಹೆರಾಲ್ಡ್ ರಿಡ್ಲಿ ಎಂಬ ನೇತ್ರವೈದ್ಯರು ಗಮನಿಸಿದರು. 1949ರಲ್ಲಿ ಅವರು ಅದೇ ವಸ್ತುವಿನಿಂದ ಮಾಡಿದ ಲೆನ್ಸನ್ನು ಲಂಡನ್ನಿನಲ್ಲಿ ಒಬ್ಬ ರೋಗಿಯ ಕಣ್ಣಿನೊಳಗೆ ಕೂರಿಸಿದರು. ಇಂದು ನಿಮ್ಮ ಅಜ್ಜ ಅಜ್ಜಿ ಪೊರೆ ತೆಗೆಸಿಕೊಂಡು ಮತ್ತೆ ಪತ್ರಿಕೆ ಓದುತ್ತಿದ್ದರೆ ಅದರ ಮೂಲ ಇಲ್ಲಿದೆ.

ಇನ್ನು ಮುಂದೆ ಅಂಗಡಿಯಲ್ಲಿ “ಗಟ್ಟಿ ಇದೆಯಾ?” ಎಂದಷ್ಟೇ ಕೇಳಬೇಡಿ. ಮೂರು ಪ್ರಶ್ನೆಗಳನ್ನು ಮೊದಲು ನಿಮ್ಮನ್ನೇ ಕೇಳಿಕೊಳ್ಳಿ. ಇದಕ್ಕೆ ಎದುರಾಗುವುದು ಗೀರೋ ಪೆಟ್ಟೋ? ಒಡೆದರೆ ಚೂರು ಎತ್ತ ಹೋಗುತ್ತದೆ? ಇದರ ಹಿಂದೆ ಇರುವುದು ಏನು? ಹಿಂದೆ ಇರುವುದು ಗಡಿಯಾರದ ಮುಳ್ಳಾದರೆ ಗೀರಿಗೆ ಹೆದರಿ ನೀಲಮಣಿ ಕೊಳ್ಳಿ. ಹಿಂದೆ ಇರುವುದು ಕಣ್ಣಾದರೆ ಗೀರು ಬಿದ್ದರೂ ಬೀಳಲಿ, ಒಡೆಯದ್ದನ್ನೇ ಆರಿಸಿ. ಗೀರು ಬಿದ್ದ ಲೆನ್ಸನ್ನು ವರ್ಷಕ್ಕೊಮ್ಮೆ ಬದಲಾಯಿಸಬಹುದು.